ಚೌಡಿಕೆಯ ನಾಡಿನಲ್ಲಿ ಗಿಟಾರು

ಹಿಂದಿ ಸಿನೆಮಾದ ಪ್ರೇಮಗೀತೆ ಎಂದರೆ ನಮ್ಮ ಕಡೆ ಎರಡು ಅಭಿಪ್ರಾಯಗಳಿವೆ. ಹುಡುಗರಿಗೆ ಅದು ಹುಚ್ಚು, ಹಿರಿಯರಿಗೆ ಅದು ಹಗುರ. ಧಾರವಾಡದ ನೆರಳಿನಲ್ಲಿರುವ ಊರುಗಳು ನಮ್ಮವು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಹೆಸರು ಹೇಳಿ ಕೈಮುಗಿಯುವ ಜನ ಗಿಟಾರನ್ನು ಸಂಗೀತದ ಪಂಕ್ತಿಯಲ್ಲಿ ಕೂಡಿಸುವುದಿಲ್ಲ. ಬೈಲಹೊಂಗಲದ ಮನೆಯಲ್ಲಿ ಒಂದು ವರ್ಷದಿಂದ ಒಂದೇ ಹಾಡನ್ನು ಗಿಟಾರಿನ ಮೇಲೆ ಕಲಿಯುತ್ತಿರುವ ನನಗೆ ಈ ಎರಡೂ ಅಭಿಪ್ರಾಯಗಳು ಸಾಲವು ಎನಿಸಿದೆ.

ಹಾಡು 1973ರ ‘ಯಾದೋಂ ಕಿ ಬಾರಾತ್’ ಚಿತ್ರದ ‘ಚುರಾ ಲಿಯಾ ಹೈ’. ಬರೆದವರು ಮಜರೂಹ್ ಸುಲ್ತಾನಪುರಿ, ಸಂಗೀತ ರಾಹುಲ್ ದೇವ್ ಬರ್ಮನ್, ಹಾಡಿದವರು ಆಶಾ ಭೋಸ್ಲೆ ಮತ್ತು ಮಹಮ್ಮದ್ ರಫಿ. ಗಾಜು ತಾಗಿದ ಸದ್ದು, ಅದರ ಬೆನ್ನಿಗೇ ಗಿಟಾರು. ಆ ಗಿಟಾರು ನುಡಿಸಿದವರು ಭೂಪಿಂದರ್ ಸಿಂಗ್. 2022ರಲ್ಲಿ ತೀರಿಕೊಂಡ ಅವರನ್ನು ಹೆಚ್ಚಿನ ಜನ ಗಾಯಕರೆಂದಷ್ಟೇ ಬಲ್ಲರು. ತೆರೆಯ ಮೇಲೆ ಗಿಟಾರು ಹಿಡಿದವಳು ಜೀನತ್ ಅಮಾನ್. ಹೀಗೆ ಕೈ ಒಬ್ಬರದು, ಕೊರಳು ಒಬ್ಬರದು, ಮುಖ ಇನ್ನೊಬ್ಬರದು. ಮೂರನ್ನೂ ಕೂಡಿಸಿದ ಹೆಣ್ಣೊಬ್ಬಳು ಆ ಹಾಡಿನಲ್ಲಿ ಎಲ್ಲಿಯೂ ಇಲ್ಲ. ಕಲಿಯಲು ಕುಳಿತ ಮೇಲೆಯೇ ನನಗೆ ಇದು ಕಣ್ಣಿಗೆ ಬಿದ್ದದ್ದು.

ಕೇಳುವಾಗ ನಾವು ಕೊರಳನ್ನಷ್ಟೇ ಹಿಡಿಯುತ್ತೇವೆ. ನಮ್ಮ ಸಂಗೀತವೇ ನಮಗೆ ಹಾಗೆ ಕಲಿಸಿದೆ. ಗಿಟಾರು ಹಿಡಿದರೆ ಹಾಡಿನ ಹಿಂದೆ ಏನಿದೆ ಎಂಬುದು ತಿಳಿಯುತ್ತದೆ. ಷಡ್ಜ, ಕೋಮಲ ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಮೀಟಿದರೆ ಅವರು ಮೈನರ್ ಕಾರ್ಡ್ ಎನ್ನುತ್ತಾರೆ. ಗಾಂಧಾರ ಶುದ್ಧವಾದರೆ ಅದೇ ಮೇಜರ್. ಒಂದೇ ಸ್ವರದ ಅಂತರದಲ್ಲಿ ಮನೆಯ ಬೆಳಕೇ ಬದಲಾದಂತೆ. ರಾಮದುರ್ಗದ ಮಗ್ಗ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕಾರ್ಡುಗಳು ಹಾಸು, ಹಾಡು ಹೊಕ್ಕು. ಸೀರೆ ಉಟ್ಟವರಿಗೆ ಬಣ್ಣ ಕಾಣುತ್ತದೆ, ನೇಯುವವರಿಗೆ ಹಾಸು ಕಾಣುತ್ತದೆ.

ಇನ್ನು ನನ್ನ ತಕರಾರು. ಮೊಬೈಲಿನ ವಿಡಿಯೋಗಳಲ್ಲಿ ಈ ಹಾಡನ್ನು ಕಲಿಸುವವರಲ್ಲಿ ಬಹಳ ಜನ ನಾಲ್ಕೈದು ಕಾರ್ಡು, ಕೈಯನ್ನು ಮೇಲೆ ಕೆಳಗೆ ಆಡಿಸುವ ಒಂದು ಲೆಕ್ಕ ಕೊಟ್ಟು ಮುಗಿಸಿಬಿಡುತ್ತಾರೆ. ಆಶಾ ಈ ಹಾಡನ್ನು ದನಿ ಏರಿಸದೆ, ಪಕ್ಕದಲ್ಲಿ ಕುಳಿತವರಿಗೆ ಹೇಳಿದಂತೆ ಹಾಡಿದ್ದಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಜಾರುವ ಜಾಗ ಗಿಟಾರಿನ ಎರಡು ಲೋಹದ ಪಟ್ಟಿಗಳ ನಡುವೆ ಎಲ್ಲೋ ಇರುತ್ತದೆ. ತಂತಿಯನ್ನು ಎಳೆದು, ಬಾಗಿಸಿ ಅದನ್ನು ಹುಡುಕಬೇಕು. ಅದನ್ನು ಬಿಟ್ಟರೆ ಉಳಿಯುವುದು ಪದ್ಯವಲ್ಲ, ಮಗ್ಗಿ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಜೋಗಮ್ಮಂದಿರ ಚೌಡಿಕೆಗೆ ಇರುವುದು ಒಂದೇ ತಂತಿ. ಪಟ್ಟಿಗಳಿಲ್ಲ, ಕಾರ್ಡುಗಳಿಲ್ಲ. ಆದರೂ ಅದು ಹಾಡುವವಳ ಕೊರಳನ್ನು ಬಿಟ್ಟು ಹೋಗುವುದಿಲ್ಲ. ಆರು ತಂತಿಯ ವಾದ್ಯ ಒಂದು ತಂತಿಯಿಂದ ಕಲಿಯಬೇಕಾದ ಪಾಠ ಇದು.

ಹಗುರ ಎಂಬ ಮಾತಿಗೂ ಉತ್ತರ ಹೇಳಬೇಕು. “ಅಕ್ಕೋರ, ಈ ವಯಸ್ಸಿನಾಗ ಇಂಥಾ ಹಾಡು ಯಾಕ್ರಿ? ಭಜನಿ ಕಲೀರಲ್ಲ” ಎಂದು ನೆರೆಮನೆಯವರೊಬ್ಬರು ಕೇಳಿದರು. ಕೇಡು ಬಯಸಿ ಕೇಳಿದ್ದಲ್ಲ. “ಭಜನ್ಯಾಗ ಅಕ್ಕಮಹಾದೇವಿ ವಚನಾ ಹಾಡ್ತೀವಲ್ರಿ, ಅಕಿ ಚೆನ್ನಮಲ್ಲಿಕಾರ್ಜುನನ್ನ ಗಂಡ ಅಂತನ ಕರದಾಳಲ್ರಿ” ಎಂದೆ. ಅವರು ನಕ್ಕರು, ಒಪ್ಪಲಿಲ್ಲ. ಪ್ರೇಮದ ಹಾಡು ನಮ್ಮ ಮಣ್ಣಿಗೆ ಹೊಸದೂ ಅಲ್ಲ. ಬೈಲಹೊಂಗಲದಲ್ಲಿ ನಡೆದದ್ದೆನ್ನುವ ಕಥೆಯನ್ನೇ ಹಿಡಿದು ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಕಟ್ಟಿದೆ. ಮೋಹ, ಗೆಳೆತನ, ದ್ರೋಹ, ಕೊಲೆ ಎಲ್ಲವನ್ನೂ ಜನ ರಾತ್ರಿಯಿಡೀ ಕುಳಿತು ಕೇಳಿದರು. ಆದರೆ ಅಲ್ಲಿಯೂ ಗಂಗಿಯ ಮನಸ್ಸಿಗಿಂತ ಗಂಡಸರ ಲೆಕ್ಕಾಚಾರವೇ ಮುಂದಾಗುತ್ತದೆ. ಹೆಣ್ಣಿನ ಪ್ರೇಮವನ್ನು ಕೇಳಲು ನಮಗೆ ಬೇಸರವಿಲ್ಲ. ಅದನ್ನು ಅವಳೇ ಕೈಗೆತ್ತಿಕೊಂಡು ನುಡಿಸಿದರೆ, ಅದರಲ್ಲೂ ಕೂದಲು ನೆರೆತ ಮೇಲೆ ನುಡಿಸಿದರೆ, ಇರುಸುಮುರುಸು.

ನಮ್ಮ ನೌಕರಿಗೆ 60ಕ್ಕೆ ನಿವೃತ್ತಿ ಎಂದು ಸರಕಾರ ಬರೆದಿದೆ. ಪ್ರೇಮದ ಹಾಡಿಗೆ ಹಾಗೆ ಬರೆದವರು ಯಾರು? ಹದಿನೆಂಟರ ಹುಡುಗಿ ಈ ಹಾಡಿನಲ್ಲಿ ಮನಸ್ಸು ಕದ್ದವನನ್ನು ಹುಡುಕುತ್ತಾಳೆ. ಐವತ್ತು ದಾಟಿದವಳಿಗೆ ಅದು ಬೇರೆಯಾಗಿ ಕೇಳುತ್ತದೆ. ಕಳವಾದದ್ದರಲ್ಲಿ ಎಷ್ಟು ಮರಳಿ ಬಂತು, ಎಷ್ಟು ಬರಲಿಲ್ಲ ಎಂಬುದು ಅವಳಿಗೆ ಗೊತ್ತು.

‘ಚುರಾ ಲಿಯಾ’ ಮಹಾಕೃತಿಯಲ್ಲ. ಮನಸೂರರ ಒಂದು ರಾಗದ ಎದುರು ಅದನ್ನು ತೂಗಲೂ ಬಾರದು. ಆದರೆ ಅರ್ಧ ಶತಮಾನ ಕಳೆದರೂ ಕಿತ್ತೂರಿನ ಹುಡುಗನಿಗೂ ಬೈಲಹೊಂಗಲದ ಅಕ್ಕೋರಿಗೂ ಒಂದೇ ಹಾಡು ಬೇರೆ ಬೇರೆ ಅರ್ಥ ಕೊಡುತ್ತದೆ ಎಂದ ಮೇಲೆ ಅದನ್ನು ಹಗುರ ಎನ್ನುವವರು ಒಮ್ಮೆ ನುಡಿಸಿ ನೋಡಲಿ. ಬೆರಳ ತುದಿ ಗಟ್ಟಿಯಾಗುವವರೆಗೆ ನುಡಿಸಲಿ. ಆಮೇಲೆ ಮಾತಾಡೋಣ.