ನಿಂತ ಕುದುರೆಯೆಲ್ಲ ನಂಬಿದ ಕುದುರೆಯಲ್ಲ

ಬೆದರುವ ಕುದುರೆಯ ವಿಷಯ ಬಂದಾಗ ಲಾಯಗಳಲ್ಲಿ ಈಗಲೂ ಕೇಳಿಬರುವ ಬುದ್ಧಿಮಾತು, ‘ಯಜಮಾನ ಯಾರು ಅಂತ ಮೊದಲು ತೋರಿಸಿಬಿಡಿ’ ಎಂಬುದು. ಹಗ್ಗ ಜಗ್ಗಿ, ಚಾವಟಿ ಬೀಸಿ, ಹೆದರಿಕೆ ಹುಟ್ಟಿಸುವ ವಸ್ತುವಿನ ಎದುರೇ ಕಟ್ಟಿಹಾಕಿದರೆ ಕುದುರೆ ಕೊನೆಗೆ ನಿಲ್ಲುವುದು ನಿಜ. ಆದರೆ ಓಡಲು ದಾರಿಯಿಲ್ಲವೆಂದು ಸೋತು ನಿಂತದ್ದೂ ಹೆದರಿಕೆ ಇಳಿದು ನಿಂತದ್ದೂ ದೂರದಿಂದ ಒಂದೇ ಥರ ಕಾಣುತ್ತವೆ. ಬಿಗಿದ ದವಡೆ, ಹಿಗ್ಗಿದ ಹೊಳ್ಳೆ, ಕಣ್ಣಂಚಿನ ಬಿಳಿ ಅಥವಾ ಯಾವುದಕ್ಕೂ ಸ್ಪಂದಿಸದ ಮಂಕು ನೋಟ ಇದ್ದರೆ ಅಲ್ಲಿ ನಂಬಿಕೆ ಹುಟ್ಟಿಲ್ಲ.

ಕುದುರೆ ಓಡಿ ಜೀವ ಉಳಿಸಿಕೊಂಡು ಬಂದ ಪ್ರಾಣಿ. ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಸುತ್ತಲೂ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ಹಿಂದೆ ಮತ್ತು ಹಣೆಯ ಮುಂದೆ ತೀರ ಹತ್ತಿರದಲ್ಲಿ. ನೇರ ಎದುರಿನಿಂದ ಹಣೆ ಸವರಲು ಚಾಚಿದ ಕೈ, ಎಷ್ಟೇ ಪ್ರೀತಿಯದ್ದಾದರೂ, ಹತ್ತಿರ ಬಂದಂತೆ ಮಾಯವಾಗುತ್ತದೆ. ಹೆಗಲ ಬದಿಯಿಂದ ಬಂದು, ಕತ್ತು ಬೆನ್ನಿಗೆ ಕೂಡುವ ಉಬ್ಬನ್ನು ತುರಿಸುವುದು ಮೇಲು. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಆ ಜಾಗವನ್ನು ಮನುಷ್ಯರು ತುರಿಸಿದಾಗಲೂ ಎದೆಬಡಿತ ತಗ್ಗುವುದನ್ನು ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲಿನ 1993ರ ಅಧ್ಯಯನ ತೋರಿಸಿತು. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ, ಈ ಸಲ ಕುದುರೆ ಹಾದುಹೋಗುವಾಗ ಕೊಡೆ ಬಿಚ್ಚುತ್ತೇವೆ ಎಂದು ಅದರ ಜೊತೆಗಿದ್ದವರಿಗೆ ಹೇಳಿ, ಬಿಚ್ಚದೆ ಸುಮ್ಮನಿದ್ದರು. ಮಾತು ಕೇಳಿದ ಮನುಷ್ಯರ ಎದೆಬಡಿತದ ಜೊತೆಗೆ ಏನೂ ಅರಿಯದ ಕುದುರೆಗಳದ್ದೂ ಏರಿತು. ಅಂದಮೇಲೆ ಸಿಟ್ಟಿನಿಂದಲೋ ಅಳುಕಿನಿಂದಲೋ ಹಗ್ಗ ಹಿಡಿದವನೇ ಹೆದರಿಕೆಗೆ ಇನ್ನೊಂದು ಕಾರಣ. ಸಿಟ್ಟಿನಲ್ಲಿ ಕುದುರೆಯ ತಂಟೆಗೆ ಹೋಗಬೇಡಿ ಎಂದು ಗ್ರೀಕರ ಜ಼ೆನೊಫೋನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ಸುಮಾರು ಅರ್ಧ ಟನ್ ತೂಗುವ ಪ್ರಾಣಿಯ ಮುಂದೆ ಈ ಮೆದುತನ ಅಪಾಯವಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಮೈಮೇಲೆ ನುಗ್ಗುವ ಕುದುರೆಯನ್ನು ತಡೆಯಲೇಬೇಕು. ಹಗ್ಗದ ಒತ್ತಡವೂ ಬೇಕು. ಆದರೆ ಕುದುರೆ ಕಲಿಯುವುದು ಒತ್ತಡ ಸಡಿಲವಾದ ಕ್ಷಣದಿಂದ. ಒಂದು ಹೆಜ್ಜೆ ಒಪ್ಪಿ ಇಟ್ಟೊಡನೆ ಹಗ್ಗ ಸಡಿಲಿಸಿದರೆ ಆ ಹೆಜ್ಜೆ ಗಟ್ಟಿಯಾಗುತ್ತದೆ. ಹಿಂದಕ್ಕೆ ಎಗರಿದಾಗ ಸಡಿಲಿಸಿದರೆ ಎಗರುವುದೇ ಪಾಠವಾಗುತ್ತದೆ. ಮೆದುತನಕ್ಕಿಂತ ಸಮಯಪ್ರಜ್ಞೆ ಇಲ್ಲಿ ಮುಖ್ಯ. ಇಷ್ಟು ತಾಳ್ಮೆಗೆ ಪುರುಸೊತ್ತೆಲ್ಲಿ ಎನ್ನುವವರು ಮೈಸೂರಿನತ್ತ ನೋಡಬಹುದು: ದಸರೆಯ ಕುಶಾಲತೋಪಿಗೆ ಅಶ್ವದಳದ ಕುದುರೆಗಳನ್ನು ಹಬ್ಬದ ದಿನವೇ ಒಡ್ಡುವುದಿಲ್ಲ, ಮೊದಲೇ ಮತ್ತೆ ಮತ್ತೆ ತಾಲೀಮು ನಡೆಸುತ್ತಾರೆ. ಬಲವಂತದಿಂದ ಇಂದು ಉಳಿದ ಗಂಟೆಗಳನ್ನು ಲಾಳ ಕಟ್ಟುವಾಗಲೋ ವೈದ್ಯರು ಸೂಜಿ ಹಿಡಿದಾಗಲೋ ಬಡ್ಡಿ ಸಮೇತ ತೆರಬೇಕಾಗುತ್ತದೆ. ಹಾಗಾಗಿ ತರಬೇತುದಾರ ಎಷ್ಟು ಬೇಗ ಕುದುರೆಯನ್ನು ನಿಲ್ಲಿಸಿದ ಎಂದು ಅಳೆಯುವುದಕ್ಕಿಂತ, ಹಗ್ಗ ಸಡಿಲಿಸಿದ ಮೇಲೂ ಅದು ಅವನ ಪಕ್ಕದಲ್ಲೇ ಉಳಿಯುತ್ತದೆಯೇ ಎಂದು ನೋಡುವುದು ಸರಿಯಾದ ಪರೀಕ್ಷೆ.