ಕೀಲಿಯ ತಲೆಯಲ್ಲೊಂದು ಚಿಪ್

ಸಿಕಂದರಾಬಾದಿನ ರಾಣಿಗಂಜ್ ವಾಹನಗಳ ಬಿಡಿಭಾಗಕ್ಕೆ ಹೆಸರಾದ ಪೇಟೆ. ನನ್ನ ಮೆಚ್ಚುಗೆ ಮಾತ್ರ ಅರದ ಜೊತೆ ಲ್ಯಾಪ್‌ಟಾಪನ್ನೂ ಕಲಿತ ಹೈದರಾಬಾದಿನ ಕೀ ಮಾಡುವವರಿಗೆ. ಸ್ಟಾರ್ಟರ್ ತಿರುಗಿಯೂ ಎಂಜಿನ್ ಹತ್ತದೆ, ಮೀಟರಿನಲ್ಲಿ ಕೀಲಿಯ ದೀಪ ಮಿಣುಕಿದರೆ ಅವರ ಅನುಮಾನ ಮೊದಲು ಇಮೊಬಿಲೈಸರಿನ ಮೇಲೆ, ಅಂದರೆ ಗುರುತು ಸಿಗದ ಕೀಗೆ ಎಂಜಿನ್ ಹತ್ತಗೊಡದ ಕಾವಲು ವ್ಯವಸ್ಥೆಯ ಮೇಲೆ. ಕೀಲಿಯ ತಲೆಯೊಳಗಿನ ಪುಟ್ಟ ಚಿಪ್ಪಿಗೆ ಬ್ಯಾಟರಿಯೇ ಬೇಡ. ಇಗ್ನಿಷನ್ ಸುತ್ತಲಿನ ತಂತಿಸುರುಳಿ ಅದಕ್ಕೆ ಶಕ್ತಿಯೂಡಿ ಗುರುತು ಕೇಳುತ್ತದೆ. ರಿಮೋಟಿನ ಸೆಲ್ ಸತ್ತರೂ ಇಂಥ ಕಾರು ಹೊರಡುವುದು ಅದಕ್ಕೇ. ಎಷ್ಟು ಸೊಗಸಾದ ಏರ್ಪಾಡು!

ಎರಡನೆಯ ಕೀಯಿಂದ ಎಂಜಿನ್ ಹತ್ತಿದರೆ ದೋಷ ಬಹುತೇಕ ಮೊದಲ ಕೀಯದ್ದು. ಅದರಿಂದಲೂ ಹತ್ತದಿದ್ದರೆ ಸುರುಳಿ, ವೈರಿಂಗ್ ನೋಡಬೇಕು. ಹೊಸ ಕೀಗಾಗಿ ಸವೆದ ಕೀಯನ್ನು ನಕಲಿಸಿದರೆ ಸವಕಳಿಯೂ ನಕಲಾಗುತ್ತದೆ. ಬಲ್ಲವರು ಮೂಲ ಅಳತೆಗೆ ಹಲ್ಲು ಕೊರೆದು, ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸುತ್ತಾರೆ. ಆರ್‌ಸಿ ನೋಡದೆ ಕೆಲಸ ಮುಟ್ಟದವರ ಮೇಲೆ ನನಗೆ ಇನ್ನೂ ಹೆಚ್ಚಿನ ಗೌರವ.