ಕಾಲಿಡಲಾಗದ ತೋಟ

ಜಪಾನಿನ ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿರುವ ಅದಾಚಿ ಕಲಾ ಸಂಗ್ರಹಾಲಯದ ತೋಟಕ್ಕೆ ಹೊಗಳಿಕೆಯ ಬರವಿಲ್ಲ. ಜಪಾನಿ ತೋಟಗಳಿಗೆಂದೇ ಮೀಸಲಾದ ಅಮೆರಿಕದ ಪತ್ರಿಕೆಯೊಂದು 2003ರಿಂದ ವರ್ಷ ವರ್ಷವೂ ಅದಕ್ಕೇ ಮೊದಲ ಸ್ಥಾನ ಕೊಡುತ್ತ ಬಂದಿದೆ. ಆದರೆ ಟಿಕೆಟು ಕೊಂಡವರು ಆ ತೋಟಕ್ಕೆ ಕಾಲಿಡುವಂತಿಲ್ಲ. ಹೆಚ್ಚಿನ ಕಡೆ ಗಾಜಿನ ಈಚೆ ನಿಂತು ನೋಡಬೇಕು.

ನೋಡಲು ಅದ್ಭುತವೇ. ಬಿಳಿ ಜಲ್ಲಿಯ ಹಾಸು, ಅದರ ನಡುವೆ ಗಿಡ್ಡ ಪೈನ್ ಮರಗಳು, ದುಂಡಗೆ ಕತ್ತರಿಸಿದ ಪೊದೆಗಳು, ಹಿಂದೆ ನಿಜವಾದ ಬೆಟ್ಟಸಾಲು. ತೋಟ ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ದೂರದಲ್ಲಿ ಧುಮುಕುವ 15 ಮೀಟರಿನ ಜಲಪಾತವನ್ನೂ 1978ರಲ್ಲಿ ಮನುಷ್ಯರೇ ಕಟ್ಟಿದ್ದು. ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಗುಡಿಸಿ ಸಾರಿಸಿದಂತೆ ಎಲ್ಲ ಚೊಕ್ಕಟ.

ನನ್ನ ತಕರಾರು ಈ ಚೊಕ್ಕಟತನದ್ದಲ್ಲ, ಚೌಕಟ್ಟಿನದು. 1970ರಲ್ಲಿ ಸಂಗ್ರಹಾಲಯ ತೆರೆದ ಅದಾಚಿ ಝೆಂಕೊ, ಚಿತ್ರಕಾರ ಯೊಕೊಯಾಮಾ ತೈಕಾನ್‌ರ ಮಹಾ ಅಭಿಮಾನಿ. ತೋಟದ ಒಂದು ಭಾಗ ತೈಕಾನ್‌ರ ಚಿತ್ರವೊಂದನ್ನೇ ಅನುಸರಿಸಿದೆ. ಒಳಗಿನ ಕೋಣೆಯೊಂದರಲ್ಲಿ ಚಿತ್ರಪಟ ತೂಗುಹಾಕುವ ಗೋಡೆಯನ್ನೇ ಉದ್ದಕ್ಕೆ ಕೊರೆದು, ಪಟವಿರಬೇಕಾದಲ್ಲಿ ತೋಟ ಕಾಣುವಂತೆ ಮಾಡಿದ್ದಾರೆ. ಚಿತ್ರ ನೋಡಿ ತೋಟ ಮಾಡಿದರು. ಆ ತೋಟವನ್ನು ಮತ್ತೆ ಚಿತ್ರವಾಗಿಸಿ ಗೋಡೆಗೇರಿಸಿದರು. ಜಾಣತನವೇನೋ ಹೌದು. ಆದರೆ ಎಲ್ಲಿ ನಿಲ್ಲಬೇಕು, ಎಷ್ಟು ಕಾಣಬೇಕು ಎಂಬುದನ್ನೆಲ್ಲ ಚೌಕಟ್ಟೇ ತೀರ್ಮಾನಿಸಿಬಿಟ್ಟರೆ ನೋಡುವವರಿಗೆ ಉಳಿಯುವ ಕೆಲಸವೇನು? ಫೋಟೊ ತೆಗೆಯುವುದು. ಎಲ್ಲರದೂ ಒಂದೇ ಫೋಟೊ.

ಕೂತು ನೋಡುವ ತೋಟ ಜಪಾನಿಗೆ ಹೊಸದೇನಲ್ಲ ಎಂದು ಯಾರಾದರೂ ಹೇಳಬಹುದು. ಕ್ಯೋಟೊದ ರ‍್ಯೋಆಂಜಿ ಬೌದ್ಧ ಮಂದಿರದ ಕಲ್ಲುತೋಟವನ್ನೂ ಜಗಲಿಯಿಂದಲೇ ನೋಡಬೇಕಲ್ಲ! ನಿಜ. ಆದರೆ ಅಲ್ಲಿರುವ 15 ಕಲ್ಲುಗಳು ಜಗಲಿಯ ಯಾವ ಮೂಲೆಯಲ್ಲಿ ಕೂತರೂ ಒಟ್ಟಿಗೆ ಕಾಣವು. ಒಂದು ಕಂಡರೆ ಇನ್ನೊಂದು ಮರೆ. ಜಾಗ ಬದಲಿಸದೆ ವಿಧಿಯಿಲ್ಲ.

ನಡೆಯುವ ತೋಟದ ಸೊಗಸು ಗೊತ್ತಾಗಬೇಕಾದರೆ ಅದೇ ಕ್ಯೋಟೊದ ಕಾತ್ಸುರಾ ಅರಮನೆಯ ತೋಟಕ್ಕೆ ಹೋಗಬೇಕು. ಹದಿನೇಳನೆಯ ಶತಮಾನದಲ್ಲಿ ರಾಜಕುಮಾರ ತೋಶಿಹಿತೊ, ಆಮೇಲೆ ಅವನ ಮಗ ತೋಶಿತಾದಾ ಮಾಡಿಸಿದ್ದು. ಅಲ್ಲಿಯ ಮೆಟ್ಟುಗಲ್ಲುಗಳು ಏರುಪೇರು, ಅಂತರವೂ ಒಂದೇ ಸಮನಿಲ್ಲ. ಎಡವಬಾರದೆಂದು ತಲೆ ತಗ್ಗಿಸಿ ಹೆಜ್ಜೆಯಿಡುತ್ತಿರುವಾಗ ಅಗಲವಾದ ಕಲ್ಲೊಂದು ಸಿಗುತ್ತದೆ. ನಿಂತು ತಲೆಯೆತ್ತಿದರೆ ಅದುವರೆಗೆ ಮರೆಯಲ್ಲಿದ್ದ ಕೊಳ ಎದುರಿಗಿರುತ್ತದೆ. ಕೊಳ ಮೊದಲೇ ಕಂಡುಬಿಡದಿರಲೆಂದು ಒಂದೆಡೆ ಪುಟ್ಟ ಪೈನ್ ಮರವನ್ನೇ ಅಡ್ಡ ನೆಟ್ಟಿದ್ದಾರೆ. (ಅಲ್ಲಿಯೂ ಕಾವಲುಗಾರ ಬೆನ್ನಿಗೇ ಬರುತ್ತಾನೆ, ಹಿಂದೆ ಉಳಿಯಲು ಬಿಡುವುದಿಲ್ಲ. ಅದೊಂದು ಕಿರಿಕಿರಿ.)

ಅದಾಚಿಗೆ ಚಿತ್ರಶಾಲೆಯೆಂದೇ ಹೋಗಿ, ಮೋಸವಾಗದು. ತೋಟ ನೋಡಬೇಕೆಂದಿದ್ದರೆ ಕಾತ್ಸುರಾಕ್ಕೆ ಮುಂಚಿತವಾಗಿ ಅರ್ಜಿ ಹಾಕಿಕೊಳ್ಳಿ, ಒಳಬಿಡುವ ಜನರ ಸಂಖ್ಯೆಗೆ ಮಿತಿಯಿದೆ.